ಕಬ್ಬಿನ ಗದ್ದೆಯ ನೀಲಿ ಅಂಗಿ

ಕಬ್ಬಿನ ಸೋಗೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಸಕ್ಕರೆ ತಿನ್ನುವವರಿಗೆ ಇದು ಗೊತ್ತಿರುವುದಿಲ್ಲ. ಭದ್ರಾವತಿಯ ಸುತ್ತ ಕಬ್ಬು ಕಡಿಯಲು ಹೋಗುವ ಹೆಂಗಸರಿಗೆ ಗೊತ್ತಿತ್ತು, ಅದಕ್ಕೇ ಅವರೆಲ್ಲ ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಡುತ್ತಿದ್ದರು. ನನ್ನಮ್ಮನದು ನೀಲಿ ಅಂಗಿ. ಅಪ್ಪನಿಗೆ ಕಾರ್ಖಾನೆಯವರು ಕೊಡುತ್ತಿದ್ದ ಯೂನಿಫಾರಂ ಬಟ್ಟೆಯಲ್ಲಿ ಹೊಲಿಸಿದ್ದು. ಅಪ್ಪ ತೊಟ್ಟು ತೊಟ್ಟು ಕಾಲರ್ ಸವೆದ ಮೇಲೆ ಅದು ಅಮ್ಮನ ಪಾಲಿಗೆ ಬರುತ್ತಿತ್ತು.

ನಾನು ದಿನವೂ ಬಸ್ಸಿನಲ್ಲಿ ಹೋಗಿಬಂದು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಆ ವರ್ಷ ಹುಡುಗಿಯರಿಗೆ ಗಂಡಸರ ಅಂಗಿಯ ಹುಚ್ಚು ಹಿಡಿದಿತ್ತು. ವಿದ್ಯಾನಗರದ ಕಡೆಯ ಒಂದಿಬ್ಬರು ಹುಡುಗಿಯರು ಅಣ್ಣಂದಿರ ಅಂಗಿಯನ್ನು ಜೀನ್ಸ್ ಮೇಲೆ ಹಾಕಿ, ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು ಬಂದರು. ನೋಡನೋಡುತ್ತಿದ್ದಂತೆ ಅಂಥವೇ ದೊಗಳೆ ಅಂಗಿಗಳು ಬಜಾರಿನ ಅಂಗಡಿಗಳಲ್ಲಿ ನೇತಾಡತೊಡಗಿದವು. ಅದರಲ್ಲೂ ಮಾಸಿದ ನೀಲಿಗೆ ಭಾರೀ ಬೇಡಿಕೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮನೆಯ ಹಗ್ಗದ ಮೇಲೆ ದಿನವೂ ಒಣಗುತ್ತಿದ್ದುದನ್ನು ನಾನು ಆವರೆಗೆ ಕಣ್ಣೆತ್ತಿ ನೋಡಿರಲಿಲ್ಲ.

ಹಾಕಿಕೊಳ್ಳುವುದೇ ಸೈ ಎಂದು ನಿರ್ಧರಿಸಿದೆ.

"ಬೇಡ ಮಾರಾಯ್ತಿ, ಕಬ್ಬಿನ ಕರೆ ಹತ್ತಿದೆ, ಹೋಗಲ್ಲ ಅದು," ಅಂದಳು ಅಮ್ಮ.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಭಾನುವಾರವಿಡೀ ಒಗೆದು, ಇಸ್ತ್ರಿ ಹಾಕಿ, ಸೋಮವಾರ ಕಪ್ಪು ಚೂಡಿದಾರ್ ಪ್ಯಾಂಟಿನ ಮೇಲೆ ತೊಟ್ಟು ಹೋದೆ. ಅಮ್ಮ ಇನ್ನೊಂದು ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಗದ್ದೆಗೆ ಹೋದಳು. ಕಾಲೇಜಿನಲ್ಲಿ ಹುಡುಗಿಯರು ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದರು.

"ಎಲ್ಲಿ ತಗೊಂಡ್ಯೇ?"

"ನಮ್ಮಮ್ಮಂದು ಕಣೇ. ಕಬ್ಬು ಕಡಿಯೋಕೆ ಹಾಕ್ಕೊಳ್ತಾಳೆ."

ತಮಾಷೆ ಎಂದುಕೊಂಡು ನಕ್ಕರು. ನಾನು ನಗದಿದ್ದಾಗ ಒಬ್ಬಳು ಮೆಲ್ಲನೆ ಕೈ ತೆಗೆದಳು. ಮುಚ್ಚಿಡುವಂಥದ್ದು ಏನಿದೆ ಎಂಬುದು ನನಗೆ ಅವತ್ತೂ ಅರ್ಥವಾಗಲಿಲ್ಲ, ಇವತ್ತೂ ಆಗಿಲ್ಲ.

ಮಾತು ಶಿಸ್ತಿನ ಉಸ್ತುವಾರಿಯ ಮೇಷ್ಟರ ಕಿವಿಗೆ ಬಿತ್ತು. ಕರೆಸಿ, ಎದೆಯ ಜೇಬಿನ ಮೇಲೆ ಕಾರ್ಖಾನೆಯ ಬ್ಯಾಡ್ಜು ಬಿಚ್ಚಿದ ಹೊಲಿಗೆಯ ಗುರುತನ್ನು ದಿಟ್ಟಿಸಿದರು.

"ಕೂಲಿ ಮಾಡೋ ಬಟ್ಟೆ ಹಾಕ್ಕೊಂಡು ಕಾಲೇಜಿಗೆ ಬರೋದಾ?"

"ಸಾರ್, ಅವರೆಲ್ಲ ಹಾಕಿರೋದೂ ಗಂಡಸರ ಅಂಗೀನೇ."

"ಅದು ಫ್ಯಾಶನ್ನಮ್ಮಾ."

ಮನೆಯವರನ್ನು ಕರೆತರುವವರೆಗೆ ಕ್ಲಾಸಿಗೆ ಬರಕೂಡದು ಅಂದರು. ಹಾಜರಿ ಇಲ್ಲದಿದ್ದರೆ ಪರೀಕ್ಷೆಯಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಅದೂ ಕೊನೆಯ ವರ್ಷ. ಆದರೂ ಸಿಟ್ಟು ನೆತ್ತಿಗೇರಿತ್ತು. ಮನೆಗೆ ಬಂದವಳೇ ಅಂಗಿ ಬಿಚ್ಚಿ ಮೂಲೆಗೆಸೆದು, "ಕಾಲೇಜು ಬಿಟ್ಟೇ ಬಿಡ್ತೀನಿ, ತಪ್ಪಾಯ್ತು ಅಂತ ಮಾತ್ರ ಹೇಳಲ್ಲ," ಎಂದು ಕೂಗಾಡಿದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹಾಕುತ್ತಲೇ ಇದ್ದಳು.

ಮಾರನೆಯ ದಿನ ಆಕೆ ಗದ್ದೆಗೆ ಹೋಗಲಿಲ್ಲ. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು, ತಲೆಗೆ ಹೂವು ಮುಡಿದು, ಚೀಲ ಹೆಗಲಿಗೇರಿಸಿ ನನ್ನನ್ನು ಎಳೆದುಕೊಂಡೇ ಹೊರಟಳು. ಮೇಷ್ಟರ ಮುಂದೆ ಕೈಮುಗಿದು ನಿಂತಳು.

"ತಪ್ಪಾಯ್ತು ಸಾರ್. ಇನ್ಮೇಲೆ ಹಾಕಲ್ಲ ಅವಳು. ಕ್ಲಾಸಿಗೆ ಸೇರಿಸ್ಕೊಳ್ಳಿ."

ಮೇಷ್ಟರು ತೃಪ್ತಿಯಿಂದ ತಲೆಯಾಡಿಸಿ, ನಾಳೆಯಿಂದ ಬರಬಹುದು ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೋಗೆಯಿಂದ ಗೀರುಬಿದ್ದ ಆ ಕೈಗಳು ಮುಗಿದದ್ದನ್ನು ನೋಡಿ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಕೋಪ ಬಂತು. ಬಸ್ ಸ್ಟ್ಯಾಂಡಿನವರೆಗೂ ಅಮ್ಮನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಅಲ್ಲಿ ತಡೆಯಲಾಗಲಿಲ್ಲ.

"ಏನ್ ತಪ್ಪು ಮಾಡಿದ್ವಿ ಅಂತ ಕೈ ಮುಗಿದೆ?"

ಅಮ್ಮ ಚೀಲಕ್ಕೆ ಕೈಹಾಕಿ ನಾನು ಎಸೆದಿದ್ದ ನೀಲಿ ಅಂಗಿಯನ್ನು ಹೊರತೆಗೆದಳು. ನೂರಾರು ಜನರ ನಡುವೆ ನಿಂತು, ಆ ಹಸಿರು ಸೀರೆಯ ಮೇಲೆ ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡಳು. ನಾನು ಬೆಕ್ಕಸಬೆರಗಾದೆ. ಗದ್ದೆಯ ಹೆಂಗಸರು ಯಾರೂ ಅಂಥ ಅಂಗಿಯಲ್ಲಿ ರಸ್ತೆಗೆ ಬರುತ್ತಿರಲಿಲ್ಲ. ಕೆಲಸ ಮುಗಿದೊಡನೆ ಬದುವಿನ ಮರೆಯಲ್ಲೇ ಬಿಚ್ಚಿ, ಮಡಿಸಿ, ಚೀಲದ ತಳಕ್ಕೆ ತುರುಕಿ ಬಸ್ಸು ಹತ್ತುತ್ತಿದ್ದರು. ಅಮ್ಮನೂ ಹಾಗೆಯೇ ಮಾಡುತ್ತಿದ್ದಳು.

ಬಸ್ಸಿನಲ್ಲಿ ಎಲ್ಲರ ಕಣ್ಣೂ ನಮ್ಮ ಮೇಲೆ. ಕಂಡಕ್ಟರು ಹಲ್ಲು ಕಿರಿದ.

"ಏನಮ್ಮಾ, ಗಂಡನ ಅಂಗಿ ಹಾಕ್ಕೊಂಡು ಹೊರಟ್ರಾ?"

"ನಂದೇ ಕಣಪ್ಪ ಇದು. ಭದ್ರಾವತಿ ಎರಡು ಕೊಡು."

ಬಸ್ಸು ಹೊರಟಿತು. ಅಮ್ಮ ತೋಳನ್ನು ಒಂದು ಮಡಿಕೆ ಮಡಿಸಿ, ನನ್ನ ಕಡೆ ತಿರುಗದೆಯೇ ಹೇಳಿದಳು: "ಪರೀಕ್ಷೆ ಮುಗಿಯೋವರೆಗೆ ನೀನು ಅವರ ಮಾತು ಕೇಳು. ನಿಂಗೆ ಡಿಗ್ರಿ ಬೇಕು. ನಂಗೇನು ಬೇಕಾಗಿದೆ ಅವರಿಂದ?"