ಅಣ್ಣ ಬೇಡಿದ ಎಲೆಕೋಸಿನ ಸಾರು

ನನ್ನ ಅತ್ತಿಗೆ ರಿಕ್ಸೆಂದ್ ಹಟಮಾರಿ ಹೆಂಗಸು. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಆದರೆ ಹಟ ಬಿಟ್ಟು ಅವಳ ಕತೆ ಹೇಳಲು ಹೊರಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮದುವೆಯಾಗಿ ಬಂದ ವರ್ಷವೇ, ಹೊಗೆ ಕಣ್ಣಿಗೆ ಬರುತ್ತದೆಂದು ನಮ್ಮಮ್ಮನ ಒಲೆಯನ್ನು ಕಿತ್ತು ಬೇರೆ ಕಡೆ ಹಾಕಿದಳು. ಅಮ್ಮ ಮಾತು ಬಿಟ್ಟಳು. ಆಮೇಲೆ ಅದೇ ಒಲೆಯ ಮುಂದೆ ಕಾಲು ಚಾಚಿ ಚಳಿಗಾಲವೆಲ್ಲ ಕಳೆದಳು.

ಅಣ್ಣ ಪೊನ್ಸ್ ಕುರಿ ಕಾಯುವವನು. ಬೇಸಿಗೆಯೆಲ್ಲ ಮಂದೆಯ ಜೊತೆ ಬೆಟ್ಟದ ನೆತ್ತಿಯಲ್ಲಿ, ಮನೆಗೆ ಬಂದರೆ ನೆಂಟನ ಹಾಗೆ. ಅವನು ಬಂದ ದಿನ ಅತ್ತಿಗೆ ಎಲೆಕೋಸಿಗೆ ಉಪ್ಪಲ್ಲಿಟ್ಟ ಹಂದಿಮಾಂಸದ ಚೂರು ಹಾಕಿ ಸಾರು ಮಾಡುತ್ತಿದ್ದಳು. ಅವನು ಬಟ್ಟಲ ಮೇಲೆ ಬಟ್ಟಲು ಕುಡಿದು, "ಬೆಟ್ಟದ ಮ್ಯಾಲೆ ನಿನ್ನ ನೆನಪಾಗಲ್ಲ ಕಣೆ, ಈ ಸಾರಿನ ನೆನಪಾಗುತ್ತೆ" ಎಂದು ರೇಗಿಸುತ್ತಿದ್ದ.

"ಹಂಗಾದ್ರೆ ಈ ಗಡಿಗೇನೇ ಕಟ್ಕೋಬೇಕಿತ್ತು" ಎನ್ನುತ್ತಿದ್ದಳು ಅವಳು. ಮಕ್ಕಳಾಗಲಿಲ್ಲ. ಆದರೂ ಆ ಮನೆಯಲ್ಲಿ ನಗು ಇತ್ತು.

ನಮ್ಮೂರಲ್ಲಿ ಭಾನುವಾರ ಎಲ್ಲರೂ ಇಗರ್ಜಿಗೆ ಹೋಗುತ್ತಿದ್ದೆವು. ಅದರ ಜೊತೆಗೇ ಅರ್ಧ ಊರು ಸಜ್ಜನರನ್ನೂ ನಂಬಿತ್ತು. ಬಿಷಪ್ಪರ ಜನರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಬರುತ್ತಿದ್ದ ವ್ರತದವರು ಇವರು. ಮಾಂಸ, ಮೊಟ್ಟೆ, ಹಾಲು ಮುಟ್ಟರು. ಹೆಂಗಸು ಕೂತ ಬೆಂಚಿನಲ್ಲಿ ಕೂರರು. ಸಾಯುವವರ ತಲೆಯ ಮೇಲೆ ಪುಸ್ತಕವಿಟ್ಟು ಇವರು ಕೈಯಿಟ್ಟರೆ ಆತ್ಮ ನೇರ ದೇವರ ಮನೆಗೆ. ಇಲ್ಲದಿದ್ದರೆ ಕುರಿಯೋ ನಾಯಿಯೋ ಆಗಿ ಮೈಯಿಂದ ಮೈಗೆ ಅಲೆಯಬೇಕು. ಆದರೆ ಕೈಯಿಡಿಸಿಕೊಂಡ ಮೇಲೆ ರೋಗಿ ನೀರಲ್ಲದೆ ಬೇರೇನೂ ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ಎಲ್ಲ ಕೆಟ್ಟಂತೆ. ನಾನು ಇಗರ್ಜಿಯನ್ನೂ ಇದನ್ನೂ ಅಷ್ಟಕ್ಕಷ್ಟೇ ನಂಬಿದವಳು. ಅತ್ತಿಗೆ ಹಾಗಲ್ಲ.

ಮೊದಲ ಹಿಮ ಬೀಳುವ ಹೊತ್ತಿಗೆ ಅಣ್ಣನನ್ನು ಹೇಸರಗತ್ತೆಯ ಮೇಲೆ ಹಾಕಿಕೊಂಡು ತಂದರು. ಮೈ ಕೆಂಡ, ಎದೆಯಲ್ಲಿ ಗೊರಗೊರ. ಉಳಿಯುವುದಿಲ್ಲ ಎಂದು ಎಲ್ಲರಿಗೂ ಕಂಡಿತು. ಸಿಕಾರ್ತ್ ಎಂಬ ಸಜ್ಜನನಿಗೆ ಹೇಳಿಕಳಿಸಿದರು. ಅವನು ಬರುವ ಮೊದಲು ಅಣ್ಣ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡ.

"ಆಮ್ಯಾಲೆ ನಾನೇ ಬೇಡಿದ್ರೂ ಕೊಡಬ್ಯಾಡ. ಬೇಡೋದು ನಾನಲ್ಲ, ಈ ಹೊಟ್ಟೆ. ಆಣೆ ಇಡು."

ಅವಳು ಆಣೆ ಇಟ್ಟಳು.

ಸಿಕಾರ್ತ್ ಹೆಗಲ ಮೇಲೆ ಉಣ್ಣೆಯ ಮೂಟೆ ಹೊತ್ತು, ವ್ಯಾಪಾರಿಯ ವೇಷದಲ್ಲಿ ಬಂದ. ಕೈಯಿಟ್ಟ. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ನಾವು ಶುದ್ಧವಾಗಿದ್ರೆ ಮಾತ್ರ ಈ ಕೈಗೆ ಬೆಲೆ ಕಣಮ್ಮ. ನಾವು ಕೆಟ್ರೆ ನಾವು ಕೈಯಿಟ್ಟೋರೆಲ್ಲ ಕೆಟ್ರು" ಎಂದ. ಆ ಮಾತು ಕೇಳಿ ನನಗೂ ಅವನ ಮೇಲೆ ಭಕ್ತಿ ಬಂತು. ಅವನು ಕಣಿವೆ ದಾಟಿದ, ಹಿಂದೆಯೇ ಹಿಮ ಬಿದ್ದು ದಾರಿ ಮುಚ್ಚಿತು.

ನಾವೆಲ್ಲ ಸಾವಿಗೆ ಕಾದು ಕೂತೆವು. ಸಾವು ಬರಲಿಲ್ಲ, ಜ್ವರ ಇಳಿಯಿತು. ಅಣ್ಣ ಕಣ್ಣು ಬಿಟ್ಟು ಮೊದಲು ಆಡಿದ ಮಾತು, "ರಿಕ್ಸೆಂದ್, ಸಾರು ಮಾಡೇ."

ಅವಳು ನೀರು ಕುಡಿಸಿದಳು.

ಮಾರನೆಯ ದಿನವೂ ಬೇಡಿದ. ಮೊದಲು ಬೈದ, ಆಮೇಲೆ ಅತ್ತ, ಆಮೇಲೆ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದುಕೊಂಡೇ ಮಲಗಿದ. ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಸಾರು ಮಾಡಿ ಬಟ್ಟಲಲ್ಲಿ ಹಿಡಿದು ಹೋದೆ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು.

"ಬಿಡು ಅತ್ತಿಗೆ, ಬದುಕ್ತಾನೆ ಅವನು."

"ಬದುಕದೇ ಹೋದ್ರೆ?"

"ಮತ್ತೆ ಕೈಯಿಡಿಸಿದ್ರಾಯ್ತು."

"ಯಾರನ್ನ ಕರೀತೀಯ? ಹಾದಿ ಮುಚ್ಚಿದೆ. ಉಂಡು ಸತ್ರೆ ನಿಮ್ಮಣ್ಣ ನಾಯಾಗಿ ಅಲೀತಾನೆ. ನಾನು ಆಣೆ ಇಟ್ಟಿದೀನಿ ಫಾಬ್ರೀಸ, ನಂಗೇನು ಕರುಳಿಲ್ವಾ?"

"ಇದ್ದಿದ್ರೆ ಕಾಣ್ತಿತ್ತು" ಎಂದೆ.

ಒಳಗಿಂದ ಅಣ್ಣನಿಗೆ ಸಾರಿನ ವಾಸನೆ ಹೋಗಿರಬೇಕು. "ಫಾಬ್ರೀಸ, ತಂದ್ಯಾ?" ಎಂದ. ಅವಳು ಬಟ್ಟಲನ್ನು ನನ್ನ ಕೈಯಿಂದ ಕಿತ್ತು ಹಿಮದ ಮೇಲೆ ಚೆಲ್ಲಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮ್ಮಣ್ಣನಿಗೆ ಅದು ಬರೀ ಗಾದೆಯಾಗಿ ಉಳಿಯಲಿಲ್ಲ. ಅವನು ಸೊರಗಿ ಸೊರಗಿ, ವಾರ ತುಂಬುವುದರೊಳಗೆ ಹೋದ. ಆ ದಿನಗಳಲ್ಲಿ ಅವಳೂ ಒಂದು ಚೂರು ರೊಟ್ಟಿ ಮುಟ್ಟಿರಲಿಲ್ಲ ಎಂಬುದು, ಹೆಣ ಎತ್ತುವಾಗ ಅವಳು ತಲೆಸುತ್ತಿ ಬಿದ್ದಾಗ ತಿಳಿಯಿತು.

ವರ್ಷಗಟ್ಟಲೆ ನಾನು ಅವಳ ಮುಖ ನೋಡಲಿಲ್ಲ. ಅವಳು ಮಾತ್ರ ನೆಮ್ಮದಿಯಾಗಿದ್ದಳು, ಅದೇ ನನಗೆ ಇನ್ನೂ ಉರಿ. "ನಿಮ್ಮಣ್ಣ ದೇವರ ಮನೇಲಿದಾನೆ" ಎಂದು ಬಾವಿಯ ಹತ್ತಿರ ಕೇಳದಿದ್ದರೂ ಹೇಳುತ್ತಿದ್ದಳು. ವಯಸ್ಸಾದಂತೆ ನನ್ನ ಸಿಟ್ಟೂ ಸವೆಯಿತು. ಬಿಸಿಲು ಬಿದ್ದ ದಿನ ಅವಳ ಹೊಸ್ತಿಲಲ್ಲಿ ಕೂತು ಒಬ್ಬರ ತಲೆಯ ಹೇನು ಒಬ್ಬರು ತೆಗೆಯುವಷ್ಟು ಹತ್ತಿರವಾದೆವು.

ಹಾಗೆ ಒಂದು ದಿನ ನನ್ನ ತಲೆ ಅವಳ ಮಡಿಲಲ್ಲಿತ್ತು. ಉಣ್ಣೆ ಸಾಗಿಸುವ ಮಾರ್ತಿ ಹೇಸರಗತ್ತೆ ಹೊಡೆದುಕೊಂಡು ಬಂದವನು ನಿಂತು ಹರಟೆ ತೆಗೆದ.

"ಸಿಕಾರ್ತ್ ಗೊತ್ತಲ್ಲ, ಬೆಟ್ಟದಾಚೆ ಸಿಕ್ಕಿದ್ದ. ಸಜ್ಜನನಂತೆ, ಸುಡುಗಾಡು. ಕುರುಬರ ವಿಧವೆ ಜೊತೆ ಸಂಸಾರ. ಮಾಂಸ ಹೆಂಗೆ ಕಡೀತಾನೆ ಅಂತೀರಿ. ಮಗ ಹೆಗಲುದ್ದ ಬೆಳೆದವನೆ."

"ಯಾವಾಗ ಹುಟ್ಟಿದ್ದಂತೆ?" ಎಂದಳು ಅತ್ತಿಗೆ.

"ದೊಡ್ಡ ನೆರೆ ಬಂತಲ್ಲ, ಆ ವರ್ಷ."

ದೊಡ್ಡ ನೆರೆ ಬಂದದ್ದು ಅವನು ಅಣ್ಣನಿಗೆ ಕೈಯಿಡುವ ಮೊದಲು. ನನ್ನ ಕೂದಲಲ್ಲಿ ಅವಳ ಬೆರಳು ನಿಂತವು. ಮಾರ್ತಿ ನಗುತ್ತಾ ಹೊರಟುಹೋದ. "ಹಂಗಾದ್ರೆ ಕೊಡಬೋದಿತ್ತು" ಎಂದಳು. ಅಷ್ಟೇ. ನಾನು ಅವಳ ಮೇಲೆ ಇಟ್ಟುಕೊಂಡಿದ್ದ ಕೋಪವೆಲ್ಲ ಆ ಒಂದು ಮಾತಿಗೆ ಸತ್ತುಹೋಯಿತು.

ಅಂದು ಸಂಜೆ ಅವಳು ಸಾರು ಮಾಡಿದಳು, ಅಣ್ಣ ಹೋದ ಮೇಲೆ ಅದೇ ಮೊದಲು. ಬಟ್ಟಲಿಗೆ ಬಗ್ಗಿಸಿ ಬಾಗಿಲ ಹೊರಗಿಟ್ಟಳು. ಬೀದಿ ನಾಯಿ ಬಂತು, ನೆಕ್ಕಿತು. ಅಂದಿನಿಂದ ಅವಳ ಬಾಗಿಲಿಗೆ ಬಂದ ನಾಯಿ, ಕತ್ತೆ, ತಬ್ಬಲಿ ಮರಿ ಯಾವುದೂ ಹಸಿದು ಹೋಗಲಿಲ್ಲ. ಊರ ಹೆಂಗಸರು ತಲೆ ಕೆಟ್ಟಿದೆ ಎಂದರು. "ಹಸಿದು ಹೋದೋನು ಹಸಿದೇ ಬರ್ತಾನೆ" ಎಂದು ನನ್ನೊಬ್ಬಳಿಗೆ ಹೇಳಿದ್ದಳು.

ಹೋದ ಚಳಿಗಾಲ ಅವಳೂ ಹಾಸಿಗೆ ಹಿಡಿದಳು. ನಿಜವಾಗಿ ವ್ರತ ಕೆಡದ ಒಬ್ಬ ಮುದುಕ ಸಜ್ಜನ ಊರಲ್ಲಿ ಅಡಗಿದ್ದ. ಕರೆಸಲೇ ಎಂದು ಕೇಳಿದೆ.

"ಬ್ಯಾಡ. ನಿಮ್ಮಣ್ಣ ಇಲ್ಲೆಲ್ಲೋ ಅಲೀತಿರುವಾಗ, ನಾನೊಬ್ಳು ದೇವರ ಮನೇಲಿ ಏನು ಮಾಡ್ಲಿ? ನಾನೂ ಅಲೀತೀನಿ, ಹುಡುಕ್ತೀನಿ." ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ಅವತ್ತು ನೀ ತಂದಿದ್ಯಲ್ಲ, ಹಂಗೇ ಸಾರು ಮಾಡ್ಕೊಂಡು ಬಾ" ಎಂದಳು.

ಮಾಡಿಕೊಂಡು ಹೋದೆ. ಚಮಚದಲ್ಲಿ ಕುಡಿಸಿದೆ. ಅರ್ಧ ಕುಡಿದು ನನ್ನ ಕೈ ತಡೆದಳು.

"ಸಾಕು. ಮಿಕ್ಕಿದ್ದನ್ನ ಹೊರಗಿಡು" ಎಂದಳು.