ಗಂಟುಮುಖದ ವಂಶವೃಕ್ಷ

ನಮ್ಮ ಮನೆತನದಲ್ಲಿ ಯಾರೂ ಸುಲಭಕ್ಕೆ ನಗುವುದಿಲ್ಲ. ಇದನ್ನು ತಪ್ಪೊಪ್ಪಿಗೆ ಎನ್ನಿ, ಜಂಬ ಎನ್ನಿ, ನಿಮ್ಮಿಷ್ಟ. ಹಬ್ಬದೂಟ ಎಷ್ಟೇ ರುಚಿಯಾಗಿರಲಿ, ನಮ್ಮಪ್ಪ 'ಪರವಾಗಿಲ್ಲ' ಎಂದರೆ ಅದೇ ದೊಡ್ಡ ಬಿರುದು. ನನ್ನ ಮದುವೆಯ ಫೋಟೋ ನೋಡಿ, 'ಅವತ್ತು ಯಾರಾದ್ರೂ ತೀರ್ಕಂಡಿದ್ರಾ?' ಎಂದು ಕೇಳಿದವರುಂಟು. ಹೆಂಡತಿ ಸೊರಬದ ಕಡೆಯವಳು. ಅವಳ ತವರಲ್ಲಿ ಹಾಲು ಉಕ್ಕಿ ಒಲೆ ಆರಿದರೂ ನಗುತ್ತಾರೆ.

ಶಿಕಾರಿಪುರದಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಸಂತೋಷದ ಸ್ವಭಾವ ಒಂದಷ್ಟು ವಂಶವಾಹಿಯಿಂದ, ಒಂದಷ್ಟು ಬೆಳೆದ ಪರಿಸರದಿಂದ ಬರುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆಯುವಾಗಲೂ ನಗುವುದಿಲ್ಲ. ವಂಶವಾಹಿಯ ಕೈವಾಡ ನಮ್ಮಪ್ಪನಿಗೂ ಒಮ್ಮೆ ತಿಳಿದಿತ್ತು. ಹೈಬ್ರಿಡ್ ಮೆಕ್ಕೆಜೋಳದ ದಪ್ಪ ತೆನೆಗಳನ್ನೇ ಆರಿಸಿ, ಬೀಜಕ್ಕಿಟ್ಟು, ಮರುವರ್ಷ ಬಿತ್ತಿದರು. ಹೈಬ್ರಿಡ್ಡಿನ ಗುಣ ಮರುಪೀಳಿಗೆಗೆ ಹಾಗೇ ಇಳಿಯುವುದಿಲ್ಲವಲ್ಲ, ಒಂದು ಗಿಡ ಮೊಣಕಾಲಷ್ಟು, ಇನ್ನೊಂದು ಆಳೆತ್ತರ. ಅಪ್ಪ ಬದುವಿನ ಮೇಲೆ ನಿಂತು ಇಡೀ ಬೆಳೆಯನ್ನೇ ಗದರಿಸಿದರು.

ನನ್ನ 'ಬೆಳೆ'ಯನ್ನು ಗದರಿಸುವ ಧೈರ್ಯ ನನಗಿರಲಿಲ್ಲ. ಈ ವರ್ಷ ಆರನೇ ಕ್ಲಾಸಿಗೆ ಹೊಸ ಶಾಲೆ ಸೇರಿದ ಮಗಳು ಸಿಂಚನ ನಗುವುದನ್ನೇ ಬಿಟ್ಟಳು. ಗೆಳತಿಯರಿಲ್ಲ, ಮಾತಿಲ್ಲ, ಊಟಕ್ಕೆ ಕೂತರೆ ತಟ್ಟೆ ನೋಡುತ್ತಾ ಕೂತುಬಿಡುವಳು. ನೆಂಟರು 'ಥೇಟ್ ಅಪ್ಪ' ಎಂದರು. ಮೂಗು ಕೊಟ್ಟದ್ದಾಯಿತು, ಇದನ್ನೂ ಕೊಟ್ಟೆನೇ?

'ಜೀನು ಗೀನು ಅಂತ ಎಂತಕ್ಕೆ ತಲೆ ಕೆಡಿಸ್ಕೊಳ್ತೀರಿ?' ಎಂದಳು ಹೆಂಡತಿ. 'ಮನೇಲಿ ನಾನೊಬ್ಳೇ ಎಷ್ಟಂತ ನಗ್ಲಿ? ನೀವೂ ಒಂದು ಕೈ ಹಾಕಿ ಮಾರಾಯ್ರೆ!'

ಬೋರ್ಡಿನ ಮೇಲೆ ಬರೆಯುವ ಆ 'ಪರಿಸರ' ಎಂದರೆ ನಾನೇ ಎಂಬುದು ಆಗ ಹೊಳೆಯಿತು.

ಭೂಮಿ ಹುಣ್ಣಿಮೆಯಂದು ಬೆಳಕು ಹರಿಯುವ ಹೊತ್ತಿಗೆ ತಾಳಗುಂದದ ನಮ್ಮ ಗದ್ದೆಗೆ ಹೋದೆವು. ತೆನೆ ಹೊತ್ತ ಭೂಮಿ ಬಸುರಿ. ಅವಳ ಬಯಕೆಗೆಂದು ಬೆರಕೆ ಸೊಪ್ಪು ಕಲಸಿದ ಅನ್ನವನ್ನು, ಅಂದರೆ ಚರಗವನ್ನು, ಕೂಗುತ್ತಾ ಗದ್ದೆ ತುಂಬ ಚೆಲ್ಲಬೇಕು. ನಮ್ಮ ಮನೆತನದ ಗಂಡಸರು ಬಾಯಿ ಬಿಗಿದುಕೊಂಡೇ ಚೆಲ್ಲಿ ಬರುತ್ತಾರೆ. ಈ ಸಲ ನಾನು ಹಟಕ್ಕೆ ಬಿದ್ದೆ. ಕೈಗೆ ಸಿಕ್ಕ ಬುಟ್ಟಿ ಎತ್ತಿಕೊಂಡು, 'ಉಂಡು ಹೋಗವ್ವಾ ಭೂಮ್ತಾಯೀ!' ಎಂದು ಗಂಟಲು ಹರಿಯುವಂತೆ ಕೂಗಿದೆ. ದನಿ ಕೀರಲಾಯಿತು, ಬೆಳ್ಳಕ್ಕಿಗಳು ಎದ್ದು ಹಾರಿದವು. ಆದರೂ ಬಿಡದೆ ಕೂಗುತ್ತಾ, ಎರಚುತ್ತಾ ಗದ್ದೆಯ ಕೊನೆ ಮುಟ್ಟಿದೆ.

'ಅಪ್ಪಾ!' ಹಿಂದಿನಿಂದ ಸಿಂಚನ ಚೀರಿದಳು. 'ಚರಗದ ಬುಟ್ಟಿ ಇಲ್ಲೇ ಐತಿ! ನೀನು ಚೆಲ್ಲಿದ್ದು ನಮ್ಮ ಊಟದ ಚಿತ್ರಾನ್ನ!'

ಬಗ್ಗಿ ನೋಡಿದೆ. ಬುಟ್ಟಿಯ ತಳದಲ್ಲಿ ಎರಡು ಶೇಂಗಾ ಬೀಜ ಉಳಿದಿದ್ದವು.

ಆಗ ನಕ್ಕಳು ನೋಡಿ! ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದಳು, ಎದ್ದಳು, ಮತ್ತೆ ಕುಸಿದಳು. ಆಮೇಲೆ ಚರಗದ ಬುಟ್ಟಿ ಎತ್ತಿಕೊಂಡು ನಗುನಗುತ್ತಲೇ ಕೂಗುತ್ತಾ ಓಡಿದಳು. ಶಾಲೆಯ ದುಗುಡವೆಲ್ಲ ಒಂದೇ ನಗುವಿಗೆ ತೊಳೆದುಹೋಯಿತೆಂದು ನಾನು ಹೇಳಲಾರೆ. ಆದರೆ ನಗು ಅವಳೊಳಗೆ ಇತ್ತು, ಭದ್ರವಾಗಿತ್ತು. ನನಗೆ ಅಳು ಬರುವಷ್ಟು ಖುಷಿಯಾಯಿತು.

ಪಕ್ಕದ ಗದ್ದೆಯ ಗೌಡರು ತಲೆಯೆತ್ತಿದರು. 'ಯಾರ್ರೀ ಮೇಷ್ಟ್ರೇ ಅದು, ಹಂಗ ನಗಾದು? ಸೊರಬದಿಂದ ನೆಂಟ್ರು ಬಂದಾರೇನು?'

'ಅಲ್ರೀ, ನನ್ನ ಮಗಳು!' ಎಂದೆ, ಎದೆಯುಬ್ಬಿಸಿ.

ಗೌಡರು ನನ್ನನ್ನೇ ದಿಟ್ಟಿಸುತ್ತಾ ನಿಂತರು. ಇಷ್ಟು ವರ್ಷ ಪಕ್ಕದ ಗದ್ದೆಯವರಾದರೂ, ಪಾಪ, ಅವರು ನನ್ನ ಹಲ್ಲು ಕಂಡದ್ದು ಅಂದೇ ಮೊದಲು.