ಕಂಡಿ ಮುಚ್ಚಿದವರಲ್ಲಿ ನಾನೂ

ಬಸಮ್ಮ, ಆ ಕಂಡಿ ಮುಚ್ಚಲು ಕೈ ಎತ್ತಿದವರಲ್ಲಿ ನಾನೂ ಇದ್ದೆ. ನಿನಗೆ ಹೇಳಿದ್ದು ಸುಳ್ಳು.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆ ಆಗಿನ್ನೂ ಊರಂಚಿಗೆ ನಾವಿದ್ದ ಕೊಂಢವಾವರೆಗೆ ಪೂರ್ತಿ ಬಂದಿರಲಿಲ್ಲ. ನಮ್ಮ ಹೊಸ ಹೌಸಿಂಗ್ ಸೊಸೈಟಿಯ ಸುತ್ತ ಹೊಲಗಳು, ಎಲ್ಲೆಲ್ಲಿಂದಲೋ ಬಂದು ಕೂಡುವ ಕಾಲುದಾರಿಗಳು. ಕಟ್ಟಡ ಎದ್ದ ಹಾಗೆಲ್ಲ ಗೋಡೆಯೂ ಎದ್ದು, ದಾರಿಗಳು ನಡುವೆಯೇ ನಿಂತುಹೋದವು. ಉಳಿದದ್ದು ನಮ್ಮ ಹಿಂದಿನ ಗೋಡೆಯ ಕಂಡಿಯೊಂದೇ. ಅದರಾಚೆ, ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ನಿಮ್ಮ ಗುಡಿಸಲುಗಳು. ಈಚೆ, ನಮ್ಮ ಅಂಗಳ ದಾಟಿದರೆ, ನಿನ್ನ ಮಗಳು ರೇಣುಕಾಳ ಶಾಲೆ. ಅವಳನ್ನು ಬಿಟ್ಟು ಹಿಂತಿರುಗುವಾಗ ನೀನು ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ನನ್ನ ಗಂಡ ದಿನವಿಡೀ ಕಾರ್ಖಾನೆಯಲ್ಲಿ — ಹಗಲಿನಲ್ಲಿ ನನಗೆ ಕನ್ನಡ ಸಿಗುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಸೈಕಲ್ಲೊಂದು ಕಳುವಾಯಿತು. ಸೊಸೈಟಿಯವರು ಸಭೆ ಸೇರಿ, ಕಳ್ಳರು ಬರುವುದೇ ಕಂಡಿಯಿಂದ ಅಂದರು. ಅಷ್ಟು ದಿನ ನನ್ನ ಹರಕು ಮರಾಠಿಗೆ ನಗುತ್ತಿದ್ದ ಹೆಂಗಸರು ಅಂದು ನನ್ನ ಕಡೆ ತಿರುಗಿದರು — "ಕಾನಡಿ ವಹಿನಿ, ತುಮಚಂ ಕಾಯ್?" ನನ್ನ ಅಭಿಪ್ರಾಯವಂತೆ! ಅತ್ತಿಗೆ ಎಂದು ಕರೆದು ಕೇಳಿದ್ದು ಅದೇ ಮೊದಲು. ರೇಣುಕಾಳ ಶಾಲೆ ನೆನಪಾಯಿತು — ಆಗಲಿಲ್ಲ ಅಂತ ಹೇಗೆ ಹೇಳಲಿ. ನೆನಪಾಗಿಯೂ ಕೈ ಎತ್ತಿದೆ. ಎಲ್ಲರಿಗಿಂತ ತುಸು ಮೇಲಕ್ಕೇ ಎತ್ತಿದೆನೇನೋ.

ಗೋಡೆ ಕಟ್ಟಲು ಕರೆದದ್ದು ನಿಮ್ಮವರನ್ನೇ. ನಿನ್ನ ಗಂಡ ಇಟ್ಟಿಗೆ ಇಡುತ್ತಿದ್ದ, ನೀನು ಸಿಮೆಂಟಿನ ಬುಟ್ಟಿ ಹೊತ್ತು ಕೊಡುತ್ತಿದ್ದೆ. ಚಹಾ ತಂದ ನನ್ನನ್ನು ಕೇಳಿದೆ: "ಅಕ್ಕಾರ, ನೀವರ ಒಂದ್ ಮಾತ್ ಹೇಳಬಾರದಿತ್ತೇನ್ರಿ?"

"ನಾ ಒಬ್ಬಾಕಿನ ಬ್ಯಾಡ ಅಂದೆ, ಬಸಮ್ಮ. ನನ್ನ ಮಾತ್ ಯಾರ್ ಕೇಳ್ತಾರ?"

"ಹೋಗ್ಲಿ ಬಿಡ್ರಿ," ಅಂದೆ ನೀನು, ನನ್ನನ್ನೇ ಸಮಾಧಾನ ಮಾಡುತ್ತ. "ನೀವ್ ಯಾಕ್ ಮನಸಿಗೆ ಹಚ್ಕೋತೀರಿ."

ಆಮೇಲೆ ಶಾಲೆಗೆ ಲಾರಿಗಳೋಡುವ ದೊಡ್ಡ ರಸ್ತೆ ಹಿಡಿದು ಸುತ್ತಬೇಕಾಯಿತು. ಕೆಲಸ ಬಿಟ್ಟು ಅಷ್ಟು ದೂರ ಹೋಗಿಬರುವುದು ನಿನ್ನಿಂದಾಗಲಿಲ್ಲ. ಹುಡುಗಿಯನ್ನು ಒಬ್ಬಳೇ ಕಳಿಸಲು ಧೈರ್ಯ ಬರಲಿಲ್ಲ. ಶಾಲೆ ಬಿಡಿಸಿದ ಸುದ್ದಿ ವಾಚ್‌ಮನ್ ಹೇಳಿದ. ನನ್ನ ಬಾಗಿಲಿಗೂ ಯಾರೂ ಬರಲಿಲ್ಲ. ಆ ಹೆಂಗಸರು ಮತ್ತೆಂದೂ ನನ್ನನ್ನು ಏನೂ ಕೇಳಲಿಲ್ಲ. ಮಧ್ಯಾಹ್ನ ಗೋಡೆಯಾಚೆಯಿಂದ ನಿಮ್ಮ ಮಾತು, ನಗು ಕೇಳಿಬರುತ್ತಿತ್ತು — ಸಹಿಸಲಾಗದೆ ಕಿಟಕಿ ಹಾಕಿಕೊಳ್ಳುತ್ತಿದ್ದೆ.

ವರ್ಷಗಳು ಕಳೆದವು. ನಿಮ್ಮ ಗುಡಿಸಲು ಕಿತ್ತ ಜಾಗದಲ್ಲೂ ಸೊಸೈಟಿ ಬಂತು, ಅದಕ್ಕೂ ಗೋಡೆ. ಒಂದು ದಿನ ಬೇರೆಲ್ಲೋ ಏಳುತ್ತಿದ್ದ ಕಟ್ಟಡದ ಮುಂದೆ ರೇಣುಕಾ ಸಿಕ್ಕಳು, ತಲೆಯ ಮೇಲೆ ಮರಳಿನ ಬುಟ್ಟಿ. ಅವಳೇ ಗುರುತು ಹಿಡಿದಳು.

"ನೀವೊಬ್ರ ಬ್ಯಾಡ ಅಂದಿದ್ರಿ ಅಂತ ಅವ್ವ ಇನ್ನೂ ಹೇಳ್ತಾಳ್ರಿ. ನಿಮ್ಮನ್ನ ಭಾಳ ನೆನಸ್ತಾಳ."

ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — "ಹೌದೇನವಾ" ಅಂದೆ, ನಕ್ಕೆ. ನೀವೀಗ ಎಲ್ಲಿರುತ್ತೀರಿ ಎಂದು ಮಾತ್ರ ಕೇಳಲಿಲ್ಲ, ಬಸಮ್ಮ. ಕೇಳಿದ್ದರೆ ಬರಬೇಕಾಗುತ್ತಿತ್ತು.